ಕುದುರೆಯ ಏದುಸಿರು: ರೋಗ ಗುರುತಿಸುವ ಬಗೆ ಮತ್ತು ಒಣ ಹುಲ್ಲಿನ ಪಾತ್ರ

(ಬೆಂಗಳೂರಿನ ಮರ್ಫಿ ಟೌನಿನಲ್ಲಿ ಕುದುರೆ ಸಾಕುವವರಿಗೂ ಮೇವು ಬೆಳೆಯುವ ರೈತರಿಗೂ ನೀಡಿದ ಉಪನ್ಯಾಸ)



ಕುದುರೆಯ ಪುಪ್ಪುಸ ಪಶುವೈದ್ಯರ ವಿಷಯ, ಹುಲ್ಲು ಬೇಸಾಯಗಾರರ ವಿಷಯ ಎಂಬುದು ರೂಢಿಯ ತಿಳಿವಳಿಕೆ. ಆದರೆ ಲಾಯದಲ್ಲಿ ಕಟ್ಟಿ ಒಣ ಹುಲ್ಲು ತಿನ್ನಿಸುವ ಕುದುರೆಗಳನ್ನು ತಿಂಗಳುಗಟ್ಟಲೆ ಕಾಡುವ ಕೆಮ್ಮು, ಏದುಸಿರುಗಳಿಗೆ ಅತಿ ಸಾಮಾನ್ಯವಾದ ಕಾರಣ ಹುಲ್ಲಿನ ಕಂತೆಯೊಳಗೇ ಇದೆ. ಆದುದರಿಂದ ಈ ಎರಡು ವಿಷಯಗಳನ್ನು ಬೇರ್ಪಡಿಸಿ ಮಾತನಾಡಿದರೆ ಕುದುರೆಗೆ ಪ್ರಯೋಜನವಿಲ್ಲ. ಔಷಧಿಯ ಸೀಸೆಯ ಕಡೆಗೆ ಕೈ ಚಾಚುವುದಕ್ಕೆ ಮೊದಲು ಉಸಿರನ್ನು ಎಣಿಸಬೇಕು, ಜ್ವರವನ್ನು ಅಳೆಯಬೇಕು, ಹುಲ್ಲನ್ನು ಬಿಚ್ಚಿ ನೋಡಬೇಕು. ಈ ಮೂರು ಕೆಲಸಗಳಿಗೆ ಗಡಿಯಾರ, ಥರ್ಮಾಮೀಟರು ಮತ್ತು ಕಣ್ಣು ಮೂಗು ಸಾಕು.

ಮರ್ಫಿ ಟೌನಿನ ಸುತ್ತಿನ ಪ್ರದೇಶಕ್ಕೂ ಕುದುರೆಗೂ ಇರುವ ನಂಟು ಹಳೆಯದು. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಗೊಂಡಂದಿನಿಂದ ರಿಸಾಲೆಯ ಕುದುರೆ, ಫಿರಂಗಿ ಎಳೆಯುವ ಕುದುರೆ, ಸಾರೋಟಿನ ಕುದುರೆ ಎಲ್ಲವೂ ಇಲ್ಲಿ ಇದ್ದವು. ಅವುಗಳ ಜೊತೆಯಲ್ಲಿ ಸಾಯಿಸರು, ಲಾಳ ಕಟ್ಟುವವರು, ಹುಲ್ಲು ಮಾರುವವರು ಬಂದು ನೆಲೆಸಿದರು. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಈ ಬಡಾವಣೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರ್ ಮರ್ಫಿಯವರ ಹೆಸರು ಬಂತು. 1947ರಲ್ಲಿ ಆ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು; ಮುಂದೆ ಆಟೋರಿಕ್ಷಾಗಳು ಬಂದು ಜಟಕಾಗಳು ಒಂದೊಂದಾಗಿ ಮರೆಯಾದವು. ಈಗ ದಂಡು ಪ್ರದೇಶದಲ್ಲಿ ಉಳಿದಿರುವ ಸಾಕು ಕುದುರೆಗಳು ಬಹುಮಟ್ಟಿಗೆ ಮದುವೆಯ ಮೆರವಣಿಗೆಗೆ, ಸಾರೋಟಿಗೆ, ಮಕ್ಕಳ ಸವಾರಿಗೆ ದುಡಿಯುವಂಥವು. ತಗಡಿನ ಮಾಡು, ಮೂರು ಕಡೆ ಗೋಡೆ, ಅಟ್ಟದ ಮೇಲೆ ಹುಲ್ಲು, ಕೆಳಗೆ ಕುದುರೆ. ಬಯಲಿನಲ್ಲಿ ಮೇಯುವ ಭಾಗ್ಯ ಇವಕ್ಕಿಲ್ಲ. ಪುಪ್ಪುಸ ಕೆಡುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಬೇಕಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹನ್ನೆರಡು ವರ್ಷದ ಒಂದು ನಾಟಿ ಹೆಣ್ಣು ಕುದುರೆ. ಬೆಳಿಗ್ಗೆ ಹುಲ್ಲು ಹಾಕಿದೊಡನೆ ನಾಲ್ಕಾರು ಸಲ ಕೆಮ್ಮುತ್ತದೆ. ಸಾರೋಟು ಎಳೆದು ಬಂದ ಮೇಲೆ ಬಹಳ ಹೊತ್ತು ಏದುತ್ತದೆ. ಮೇವು ಬಿಟ್ಟಿಲ್ಲ, ಹುರುಳಿಯನ್ನು ಚೊಕ್ಕಟವಾಗಿ ತಿನ್ನುತ್ತದೆ, ಆದರೂ ಪಕ್ಕೆಲುಬು ಕಾಣತೊಡಗಿದೆ. ನೆರೆಯವನೊಬ್ಬ ಶೀತವಾಗಿದೆ ಎನ್ನುತ್ತಾನೆ. ಇನ್ನೊಬ್ಬ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಗೊಟ್ಟದಲ್ಲಿ ಕುಡಿಸು ಎನ್ನುತ್ತಾನೆ. ಮೂರನೆಯವನು ಅಂಗಡಿಯಿಂದ ಚುಚ್ಚುಮದ್ದು ತಂದು ತಾನೇ ಹಾಕಲು ಸಿದ್ಧನಿದ್ದಾನೆ. ನಾಲ್ಕನೆಯವನು, ದಮ್ಮು ಹಿಡಿದಿದೆ, ಗೊತ್ತಾಗುವ ಮೊದಲೇ ಮಾರಿಬಿಡು ಎನ್ನುತ್ತಾನೆ. ನಾಲ್ವರಲ್ಲಿ ಒಬ್ಬನೂ ಕುದುರೆಯ ಉಸಿರನ್ನು ಎಣಿಸಿಲ್ಲ.

ಉಸಿರು ಎಣಿಸುವುದು

ಕುದುರೆ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ನಾಯಿಯಂತೆ ಬಾಯಿ ತೆರೆದು ಏದುವುದು ಅದಕ್ಕೆ ಸಾಧ್ಯವಿಲ್ಲ. ಅದರ ಗಂಟಲಿನ ರಚನೆಯೇ ಹಾಗಿದೆ. ಆದುದರಿಂದ ತೊಂದರೆಯ ಗುರುತುಗಳೆಲ್ಲ ಎರಡು ಕಡೆ ಕಾಣುತ್ತವೆ: ಮೂಗಿನ ಹೊಳ್ಳೆಯಲ್ಲಿ ಮತ್ತು ಹೊಟ್ಟೆಯ ಪಕ್ಕೆಯಲ್ಲಿ.

ಎಣಿಸುವ ಹೊತ್ತು ಬೆಳಗಿನ ತಂಪು. ಮೇವು ಹಾಕುವುದಕ್ಕೆ ಮೊದಲು, ಕುದುರೆ ನೆಮ್ಮದಿಯಾಗಿ ನಿಂತಿರುವಾಗ. ಮೂಗಿನ ಬಳಿ ಕೈ ಹಿಡಿದರೆ ಅದು ಮೂಸಲು ತೊಡಗುತ್ತದೆ, ಲೆಕ್ಕ ಕೆಡುತ್ತದೆ. ಹಿಂಬದಿಯ ಓರೆಯಲ್ಲಿ ನಾಲ್ಕು ಮಾರು ದೂರ ನಿಂತು ಪಕ್ಕೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಬೇಕು. ಏರಿ ಇಳಿದರೆ ಒಂದು ಉಸಿರು. ಆರೋಗ್ಯವಾದ ದೊಡ್ಡ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಅಷ್ಟು ನಿಧಾನ, ಮೊದಲ ಸಲ ಎಣಿಸುವವರಿಗೆ ಕುದುರೆ ಉಸಿರಾಡುತ್ತಿದೆಯೇ ಎಂದೇ ಸಂಶಯ ಬರುತ್ತದೆ. ತಂಪಿನಲ್ಲಿ, ವಿಶ್ರಾಂತಿಯಲ್ಲಿ ಲೆಕ್ಕ 20ನ್ನು ದಾಟಿದರೆ ಗಮನಿಸತಕ್ಕ ವಿಷಯ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಕೆಳಗೆ ಎಣಿಸಿ ಗಾಬರಿಯಾಗಬೇಕಾದುದಿಲ್ಲ. ಸೆಕೆಗೂ ಉಸಿರು ಹೆಚ್ಚುತ್ತದೆ.

ಎಣಿಕೆಗಿಂತ ಮುಖ್ಯವಾದುದು ಉಸಿರಿನ ರೀತಿ. ಚೆನ್ನಾಗಿರುವ ಕುದುರೆಯಲ್ಲಿ ಪಕ್ಕೆ ಸುಮ್ಮನೆ ಏರಿ ಸುಮ್ಮನೆ ಇಳಿಯುತ್ತದೆ. ದಮ್ಮು ಹಿಡಿದ ಕುದುರೆಯಲ್ಲಿ ಉಸಿರು ಬಿಡುವಾಗ ಎರಡು ಹಂತ ಕಾಣುತ್ತವೆ: ಒಮ್ಮೆ ಪಕ್ಕೆ ಇಳಿದು, ಇನ್ನೇನು ಮುಗಿಯಿತು ಎನ್ನುವಾಗ ಹೊಟ್ಟೆ ಮತ್ತೊಮ್ಮೆ ಒತ್ತಿಕೊಳ್ಳುತ್ತದೆ. ಸಣ್ಣ ಉಸಿರ್ನಾಳಗಳು ಬಿಗಿದು, ಲೋಳೆಯಿಂದ ತುಂಬಿ, ಒಳಗಿನ ಗಾಳಿ ತಾನಾಗಿ ಹೊರಬರಲಾರದ್ದರಿಂದ ಹೊಟ್ಟೆಯ ಸ್ನಾಯು ಅದನ್ನು ಹಿಂಡಿ ತೆಗೆಯಬೇಕಾಗುತ್ತದೆ. ತಿಂಗಳುಗಟ್ಟಲೆ ಹೀಗೆ ದುಡಿದ ಸ್ನಾಯು ದಪ್ಪನಾಗಿ, ಪಕ್ಕೆಲುಬಿನ ಅಂಚಿನ ಗುಂಟ ಓರೆಯಾಗಿ ಒಂದು ಗೆರೆ ಬೀಳುತ್ತದೆ. ಈ ಗೆರೆ ಕಂಡರೆ ರೋಗ ನಿನ್ನೆ ಮೊನ್ನೆಯದಲ್ಲ ಎಂದು ತಿಳಿಯಬೇಕು. ಮೂಗಿನ ಹೊಳ್ಳೆಗಳು ವಿಶ್ರಾಂತಿಯಲ್ಲೂ ಅಗಲವಾಗಿ ತೆರೆದಿರುತ್ತವೆ. ಮೈ ಸೊರಗುವುದೂ ಇದರಿಂದಲೇ. ತಿಂದುದರಲ್ಲಿ ಒಂದು ಪಾಲು ಉಸಿರಾಟಕ್ಕೇ ವೆಚ್ಚವಾಗುತ್ತದೆ.

ಈ ರೋಗ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಸ್ವತಃ ಗೂರಲಿನಿಂದ ನರಳುತ್ತಿದ್ದವನು. ಉಸಿರುಕಟ್ಟಿನ ಒಂದು ಹೆಣ್ಣು ಕುದುರೆಯ ಪುಪ್ಪುಸವನ್ನು ಕೊಯ್ದು ನೋಡಿದ ವಿವರವನ್ನು ಅವನು 1698ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೊಟ್ಟಿದ್ದಾನೆ. ಅಂದಿನಿಂದ ಈ ರೋಗಕ್ಕೆ ಹತ್ತಾರು ಹೆಸರುಗಳಾಗಿ, 2016ರಲ್ಲಿ ತಜ್ಞರು ಕೂಡಿ ಸೌಮ್ಯ ರೂಪದಿಂದ ತೀವ್ರ ರೂಪದವರೆಗೆ ಎಲ್ಲವನ್ನೂ ಕುದುರೆಯ ಅಸ್ತಮಾ ಎಂಬ ಒಂದೇ ಹೆಸರಿನಡಿ ತಂದರು. ಲಾಯದಲ್ಲಿ ಅದು ಈಗಲೂ ದಮ್ಮೇ.

ಜ್ವರ ಅಳೆಯುವುದು

ಎರಡನೆಯ ಕೆಲಸ ಥರ್ಮಾಮೀಟರಿನದು. ಕುದುರೆಯ ಮೈ ಶಾಖ 37.2ರಿಂದ 38.3 ಸೆಂಟಿಗ್ರೇಡ್, ಹಳೆಯ ಲೆಕ್ಕದಲ್ಲಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರಿನ ತುದಿಗೆ ದಾರ ಕಟ್ಟಿ, ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿಡಬೇಕು. ನೇರ ಹಿಂದೆ ನಿಲ್ಲತಕ್ಕದ್ದಲ್ಲ. ತೊಡೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತರೆ ಒದೆ ತಪ್ಪುತ್ತದೆ. ದಾರ ಯಾಕೆಂದರೆ, ಗಾಜಿನ ಕಡ್ಡಿ ಒಳಕ್ಕೆ ಸರಿದುಹೋದ ಪ್ರಸಂಗಗಳುಂಟು.

ದಮ್ಮಿನಲ್ಲಿ ಜ್ವರವಿರುವುದಿಲ್ಲ. ಕೆಮ್ಮು, ಏದುಸಿರು ಇದ್ದೂ ಜ್ವರವಿಲ್ಲ, ಮೇವು ತಿನ್ನುತ್ತಿದೆ, ವಯಸ್ಸು ಏಳೆಂಟು ದಾಟಿದೆ, ಹುಲ್ಲು ತಿನ್ನುವಾಗ ಕೆಮ್ಮು ಹೆಚ್ಚು ಎಂದರೆ ಅನುಮಾನ ಹುಲ್ಲಿನ ಕಡೆಗೆ ತಿರುಗಬೇಕು. ಓಣಿಯ ಹೆಣ್ಣು ಕುದುರೆ ಈ ಲೆಕ್ಕಕ್ಕೆ ಸೇರುತ್ತದೆ.

ಜ್ವರ 38.5 ದಾಟಿ, ಕುದುರೆ ಮೇವು ಬಿಟ್ಟು, ತಲೆ ತಗ್ಗಿಸಿ ನಿಂತು, ಉಸಿರು ಮೇಲುಮೇಲಕ್ಕೆ ಬೇಗ ಬೇಗ ಆಡುತ್ತಿದ್ದರೆ ಅದು ಸೋಂಕು. ಪುಪ್ಪುಸ ಜ್ವರ ಇರಬಹುದು, ಪುಪ್ಪುಸದ ಸುತ್ತಲಿನ ಪೊರೆಗೂ ಹಬ್ಬಿರಬಹುದು. ಪೊರೆ ಬಾತಾಗ ಪಕ್ಕೆಲುಬನ್ನು ಬೆರಳಿನಿಂದ ಒತ್ತಿದರೆ ಕುದುರೆ ನರಳುತ್ತದೆ, ಹೆಜ್ಜೆ ಇಡಲು ಹಿಂಜರಿಯುತ್ತದೆ. ಅನೇಕರು ಇದನ್ನು ಹೊಟ್ಟೆಶೂಲೆ ಎಂದು ತಪ್ಪು ತಿಳಿಯುತ್ತಾರೆ. ಉಸಿರಿಗೆ ಕೊಳೆತ ವಾಸನೆ ಇದ್ದರೆ ಗಂಟೆಗಳ ಲೆಕ್ಕದಲ್ಲಿ ವೈದ್ಯರನ್ನು ಕರೆಯಬೇಕು, ದಿನಗಳ ಲೆಕ್ಕದಲ್ಲಲ್ಲ.

ಈ ಸೋಂಕು ಬರುವ ಎರಡು ದಾರಿಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎರಡೂ ಮನುಷ್ಯನ ಕೈಯಿಂದಲೇ ಆಗುವಂಥವು. ಮೊದಲನೆಯದು ಗೊಟ್ಟ. ಎತ್ತು ಹಸುಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇದೆ. ಅಲ್ಲಿಯೂ ಎಚ್ಚರ ಬೇಕು. ಕುದುರೆಗಂತೂ ಸಲ್ಲದು. ತಲೆ ಎತ್ತಿಹಿಡಿದು ಎಣ್ಣೆ ಕಷಾಯ ಹೊಯ್ದರೆ, ಅದರಲ್ಲೂ ಮೂಗಿನಿಂದ ಹೊಯ್ದರೆ, ಒಂದು ಪಾಲು ನೇರವಾಗಿ ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲೇ ಏದುತ್ತಿರುವ ಕುದುರೆ ನುಂಗುವ ಹೊತ್ತಿಗೆ ಉಸಿರೆಳೆಯದೆ ಇರಲಾರದು. ಎಣ್ಣೆ ಒಳಗೆ ಸೇರಿದರೆ ಅದನ್ನು ಹೊರತೆಗೆಯುವ ಔಷಧಿ ಇಲ್ಲ. ದಮ್ಮಿನಿಂದ ವರ್ಷಗಟ್ಟಲೆ ಬದುಕಬಹುದಾಗಿದ್ದ ಕುದುರೆ ಬೆಳ್ಳುಳ್ಳಿ ಎಣ್ಣೆಯಿಂದ ವಾರದಲ್ಲಿ ಸಾಯಬಹುದು. ವೈದ್ಯರು ದ್ರವೌಷಧಿ ಕೊಡಬೇಕಾದಾಗ ಮೂಗಿನ ಮೂಲಕ ಹೊಟ್ಟೆಯವರೆಗೆ ಕೊಳವೆ ಇಳಿಸಿ, ಅದು ಅನ್ನನಾಳದಲ್ಲೇ ಇದೆ ಎಂದು ಖಚಿತ ಮಾಡಿಕೊಂಡ ಮೇಲೆ ಹೊಯ್ಯುತ್ತಾರೆ.

ಎರಡನೆಯದು ಲಾರಿ. ದೂರದ ಊರಿನ ಮದುವೆಗೆ ಕುದುರೆಯನ್ನು ಸಾಗಿಸುವಾಗ ಅದು ಕಚ್ಚಾಡದಿರಲೆಂದು ತಲೆಯನ್ನು ಎತ್ತರಕ್ಕೆ ಗಿಡ್ಡವಾಗಿ ಕಟ್ಟುತ್ತಾರೆ. ಕುದುರೆ ತಲೆ ತಗ್ಗಿಸಿ ಮೇಯುವಾಗ ಉಸಿರ್ನಾಳದ ಲೋಳೆ ತಾನೇ ಹೊರಕ್ಕೆ ಹರಿಯುತ್ತದೆ. ಇಡೀ ರಾತ್ರಿ ತಲೆ ಎತ್ತಿ ಕಟ್ಟಿದರೆ ಲೋಳೆಯೂ ಅದರಲ್ಲಿನ ಸೂಕ್ಷ್ಮಜೀವಿಗಳೂ ಒಳಗೇ ಉಳಿದು ವೃದ್ಧಿಯಾಗುತ್ತವೆ. ಆಸ್ಟ್ರೇಲಿಯಾದಲ್ಲಿ ಕುದುರೆಗಳ ತಲೆಯನ್ನು ಗಂಟೆಗಟ್ಟಲೆ ಎತ್ತಿ ಕಟ್ಟಿ ಪರೀಕ್ಷಿಸಿದಾಗ ಇದು ಸ್ಪಷ್ಟವಾಯಿತು. ತಲೆ ತಗ್ಗಿಸಲು ಬಿಟ್ಟ ಮೇಲೆ ಉಸಿರ್ನಾಳ ಮತ್ತೆ ಶುದ್ಧವಾಯಿತು. ಆದುದರಿಂದ ಕೆಲವು ಗಂಟೆಗಳಿಗೊಮ್ಮೆ ಲಾರಿ ನಿಲ್ಲಿಸಿ, ನೀರು ತೋರಿಸಿ, ನೆಲದ ಮಟ್ಟದಲ್ಲಿ ಒಂದಿಷ್ಟು ಹಸಿಹುಲ್ಲು ಹಾಕಬೇಕು. ಊರಿಗೆ ಮರಳಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಬೇಕು.

ಓಣಿಯ ಎಲ್ಲ ಕುದುರೆಗಳೂ ಒಂದೇ ವಾರದಲ್ಲಿ ಜ್ವರ ಬಂದು ಒಣ ಕೆಮ್ಮು ಕೆಮ್ಮಿದರೆ ಅದು ಕುದುರೆಯ ಇನ್‌ಫ್ಲುಯೆಂಜಾ ಆಗಿರಬಹುದು. ನಮ್ಮ ದೇಶದಲ್ಲಿ 1987ರಲ್ಲಿ ಒಮ್ಮೆ ಬಂದಿತ್ತು. 2008ರ ಜೂನ್‌ನಲ್ಲಿ ಜಮ್ಮುವಿನ ಕಟರಾದಲ್ಲಿ ಕಾಣಿಸಿಕೊಂಡು ಇತರ ರಾಜ್ಯಗಳಿಗೂ ಹಬ್ಬಿತು. ಜ್ವರ ಇಳಿದ ಮೇಲೂ ಕೆಲವು ವಾರ ವಿಶ್ರಾಂತಿ ಕೊಡದೆ ಗಾಡಿಗೆ ಕಟ್ಟಿದರೆ ಪುಪ್ಪುಸ ಶಾಶ್ವತವಾಗಿ ಕೆಡಬಹುದು. ಮರಿಗಳ ಕೆಮ್ಮಿಗೆ ಬೇರೆ ಕಾರಣಗಳಿವೆ. ದುಂಡು ಹುಳುವಿನ ಮರಿಗಳು ಪುಪ್ಪುಸದ ಮೂಲಕ ಹಾದುಹೋಗುವುದೂ ಅದರಲ್ಲೊಂದು. ಕತ್ತೆಗಳ ಜೊತೆ ಮೇಯುವ ಕುದುರೆಗೆ ಪುಪ್ಪುಸದ ಹುಳು ತಗಲುವುದುಂಟು. ಕತ್ತೆ ಹುಳುವನ್ನು ಹೊತ್ತೂ ಕೆಮ್ಮುವುದೇ ಇಲ್ಲ, ಕುದುರೆ ಮಾತ್ರ ಕೆಮ್ಮುತ್ತದೆ.

ಮೂಗು, ಗಂಟಲು ಮತ್ತು ಒಂದು ಅಪಾಯದ ರೋಗ

ಮೂಗಿನಿಂದ ಸುರಿಯುವ ಲೋಳೆಯನ್ನು ನೋಡುವ ಕ್ರಮವೊಂದಿದೆ. ಎರಡು ಹೊಳ್ಳೆಗಳ ನಡುವಿನ ಗೋಡೆ ತಲೆಯ ಹಿಂಭಾಗದವರೆಗೂ ಹೋಗುತ್ತದೆ. ಆದುದರಿಂದ ಪುಪ್ಪುಸದಿಂದ ಬರುವ ಲೋಳೆ ಸಾಮಾನ್ಯವಾಗಿ ಎರಡೂ ಹೊಳ್ಳೆಗಳಲ್ಲಿ ಇಳಿಯುತ್ತದೆ. ಒಂದೇ ಹೊಳ್ಳೆಯಲ್ಲಿ ಸುರಿದರೆ ಕಾರಣ ಮೂಗಿನಲ್ಲೋ ಕೆನ್ನೆಯ ಮೂಳೆಯ ಪೊಳ್ಳಿನಲ್ಲೋ ಇರಬಹುದು. ಮೇಲ್ದವಡೆಯ ಹಲ್ಲಿನ ಬೇರು ಕೊಳೆತರೂ ಒಂದೇ ಕಡೆ ದುರ್ವಾಸನೆಯ ಕೀವು ಬರುತ್ತದೆ. ಇಷ್ಟೇ ಆಗಿದ್ದರೆ ಯೋಚನೆ ಇರಲಿಲ್ಲ. ಆದರೆ ಒಂದೇ ಹೊಳ್ಳೆಯಿಂದ ಅಂಟಂಟಾದ ಹಳದಿ ಹಸಿರು ಲೋಳೆ, ಕೆಲವೊಮ್ಮೆ ರಕ್ತದ ಎಳೆ, ಒಳಗೋಡೆಯಲ್ಲಿ ಹುಣ್ಣು, ಗದ್ದದ ಕೆಳಗೆ ಗಂಟು ಕಂಡರೆ ಗ್ಲ್ಯಾಂಡರ್ಸ್ ರೋಗದ ಸಂಶಯ ಬರಲೇಬೇಕು. ಎರಡೂ ಹೊಳ್ಳೆಗಳಲ್ಲಿ ಸುರಿದ ಮಾತ್ರಕ್ಕೆ ಗ್ಲ್ಯಾಂಡರ್ಸ್ ಅಲ್ಲ ಎನ್ನುವಂತೆಯೂ ಇಲ್ಲ.

ಗದ್ದದ ಗಂಟು ಎರಡು ರೋಗಗಳಲ್ಲಿ ಕಾಣುತ್ತದೆ, ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಒಳ್ಳೆಯದು. ಎಳೆಯ ಕುದುರೆಗಳಿಗೆ ಬರುವ ಸ್ಟ್ರ್ಯಾಂಗಲ್ಸ್ ಎಂಬ ಗಂಟಲು ಬಾವಿನಲ್ಲಿ ಗಂಟು ಬಿಸಿಯಾಗಿ, ಮುಟ್ಟಿದರೆ ನೋಯುವಂತಿದ್ದು, ಒಂದೆರಡು ವಾರದಲ್ಲಿ ಒಡೆದು ಕೀವು ಸುರಿಯುತ್ತದೆ; ಆಮೇಲೆ ಬಹುಪಾಲು ಕುದುರೆಗಳು ಚೇತರಿಸುತ್ತವೆ. ಗ್ಲ್ಯಾಂಡರ್ಸ್‌ನ ಗಂಟು ಗಟ್ಟಿ, ಹೆಚ್ಚು ನೋವಿಲ್ಲ, ದವಡೆಗೆ ಅಂಟಿಕೊಂಡಂತಿರುತ್ತದೆ, ಒಡೆಯುವುದು ಅಪರೂಪ. ಹಿಂಗಾಲುಗಳ ಒಳಬದಿಯಲ್ಲಿ ಹಗ್ಗದಂತೆ ಉಬ್ಬಿದ ನಾಳಗಳ ಗುಂಟ ಗಂಟುಗಳೆದ್ದು, ಒಡೆದು, ಜೇನಿನಂಥ ರಸ ಸುರಿಯುವುದೂ ಇದೇ ರೋಗದ ಇನ್ನೊಂದು ರೂಪ. ಪುಪ್ಪುಸದ ರೂಪದಲ್ಲಿ ಮಾತ್ರ ಬಂದರೆ ಗುರುತು ಹಿಡಿಯುವುದು ಬಹಳ ಕಷ್ಟ: ಒಣ ಕೆಮ್ಮು, ಬಂದು ಹೋಗುವ ಜ್ವರ, ಸೊರಗುವಿಕೆ, ಅಷ್ಟೇ. ತಿಂಗಳುಗಳ ಕಾಲ ಹೊರಗೆ ಏನೂ ತೋರದೆ ರೋಗ ಹರಡುವ ಕುದುರೆಗಳೂ ಇವೆ.

ಈ ರೋಗ ಮನುಷ್ಯನಿಗೂ ಬರುತ್ತದೆ, ಚಿಕಿತ್ಸೆಯಾಗದಿದ್ದರೆ ಕೊಲ್ಲುತ್ತದೆ. ಸಾಯಿಸನ ಕೈಯ ಗಾಯ, ಕಣ್ಣು, ಮೂಗು ಎಲ್ಲವೂ ಅದಕ್ಕೆ ಬಾಗಿಲು. ಬ್ರಿಟಿಷರ ಕಾಲದಲ್ಲಿ ಸೈನ್ಯದ ಕುದುರೆಗಳಿಗೆ ಇದರ ಭಯ ಎಷ್ಟಿತ್ತೆಂದರೆ 1899ರಲ್ಲಿ ಇದಕ್ಕಾಗಿಯೇ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಬಂತು. ಅದರ ಸ್ಥಾನದಲ್ಲಿ ಈಗ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ 2009ರ ಕಾಯಿದೆ ಇದೆ. ರೋಗ ಹೋಯಿತೆಂದು ಭಾವಿಸಿದ್ದ ಹೊತ್ತಿನಲ್ಲಿ, 2006ರಲ್ಲಿ, ಮಹಾರಾಷ್ಟ್ರದಲ್ಲಿ ಮತ್ತೆ ತಲೆಯೆತ್ತಿ ಮುಂದಿನ ವರ್ಷಗಳಲ್ಲಿ ಹಲವು ರಾಜ್ಯಗಳಲ್ಲಿ ಕಾಣಿಸಿಕೊಂಡಿತು.

ಹಿಂದೆ ಕಣ್ಣಿನ ರೆಪ್ಪೆಗೆ ಮ್ಯಾಲೀನ್ ಎಂಬ ದ್ರವವನ್ನು ಚುಚ್ಚಿ, ಬಾವು ಬರುತ್ತದೆಯೇ ಎಂದು ಒಂದೆರಡು ದಿನ ನೋಡಿ ತೀರ್ಮಾನಿಸುತ್ತಿದ್ದರು. ಈಗ ರಕ್ತದ ಪರೀಕ್ಷೆಯಿಂದ ತಿಳಿಯುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ಕುದುರೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರದ ಪರೀಕ್ಷೆ ಇದರಲ್ಲಿ ಪ್ರಮಾಣ. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಇಲ್ಲ. ನೋವಿಲ್ಲದಂತೆ ಕೊಂದು ಆಳದಲ್ಲಿ ಹೂಳಬೇಕು. ಹಿಂದಿನ ನಿಯಮದಂತೆ ಸುತ್ತ 5 ಕಿಲೋಮೀಟರಿನ ಪ್ರದೇಶವನ್ನು ರೋಗಪೀಡಿತವೆಂದು ಸಾರಿ, 25 ಕಿಲೋಮೀಟರಿನವರೆಗೆ ನಿಗಾ ಇಡುತ್ತಿದ್ದರು. ಮರ್ಫಿ ಟೌನಿನಲ್ಲಿ ಗಡ್ಡಾಪೂರಿ ಇಟ್ಟು 5 ಕಿಲೋಮೀಟರಿನ ವೃತ್ತ ಎಳೆದರೆ ಶಿವಾಜಿನಗರ, ಫ್ರೇಜರ್ ಟೌನ್, ಇಂದಿರಾನಗರ ಎಲ್ಲವೂ ಒಳಗೆ ಬರುತ್ತವೆ.

ಅನ್ನ ಕೊಡುವ ಪ್ರಾಣಿಯನ್ನು ಕಳೆದುಕೊಳ್ಳುವ ಭಯದಿಂದ ಮಾಲೀಕ ವಿಷಯ ಮುಚ್ಚಿಡುವುದು ಸಹಜ. ಸರ್ಕಾರದ ಯೋಜನೆಯಲ್ಲಿ ಪರಿಹಾರಕ್ಕೆ ಅವಕಾಶವಿದೆ, ಆದರೆ ಅದು ಕುದುರೆಯ ಪೂರ್ತಿ ಬೆಲೆಯನ್ನೋ ನಿಂತ ದುಡಿಮೆಯನ್ನೋ ತುಂಬಿಕೊಡುತ್ತದೆ ಎಂದು ಹೇಳುವುದು ಕಷ್ಟ. ಆದರೂ ಮುಚ್ಚಿಟ್ಟರೆ ಮೊದಲು ಅಪಾಯಕ್ಕೆ ಸಿಕ್ಕುವವರು ಅದೇ ಮನೆಯವರು, ಕುದುರೆಯ ಪಕ್ಕದಲ್ಲಿ ಮಲಗುವ ಹುಡುಗರು. ಸಂಶಯ ಬಂದ ಕ್ಷಣದಿಂದ ಆ ಕುದುರೆಗೆ ಬೇರೆ ಬಕೆಟ್ಟು, ಬೇರೆ ಮುಖಪಟ್ಟಿ, ಬೇರೆ ಮಾಲೀಸು ಬ್ರಷ್ಷು ಇರಬೇಕು. ಮೂಗು ಒರೆಸುವಾಗ ಕೈಗವಸು, ಮೂಗಿಗೆ ಮುಸುಕು ಬೇಕು. ಸಾಮೂಹಿಕ ನೀರಿನ ತೊಟ್ಟಿಗೆ ಒಯ್ಯತಕ್ಕದ್ದಲ್ಲ. ಪಶುಪಾಲನಾ ಇಲಾಖೆಯ ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ತಿಳಿಸಬೇಕು. ಅಂಗಡಿಯ ಚುಚ್ಚುಮದ್ದನ್ನಂತೂ ಹಾಕಿಸಲೇಕೂಡದು. ಉಸಿರುಕಟ್ಟಿಗೆ ಕೊಡುವ ಸ್ಟಿರಾಯ್ಡ್ ದಮ್ಮಿಗೆ ತಾತ್ಕಾಲಿಕ ಶಮನ ಕೊಟ್ಟರೂ, ಸೋಂಕಿದ್ದರೆ ಸೋಂಕಿಗೆ ಬಲ ಕೊಡುತ್ತದೆ. ಕೆಲವು ಕುದುರೆಗಳಲ್ಲಿ ಗೊರಸಿನ ಬಾವಿಗೂ ಕಾರಣವಾದೀತು. ಅದನ್ನು ಕೊಡುವುದೂ ಬಿಡುವುದೂ ವೈದ್ಯರ ಕೆಲಸ.

ವೈದ್ಯರು ಬಂದಾಗ ಸ್ಟೆತಾಸ್ಕೋಪನ್ನು ಗಂಟಲ ನಾಳದ ಮೇಲೂ ಎದೆಯ ಎರಡು ಪಕ್ಕಗಳಲ್ಲೂ ಇಟ್ಟು ಕೇಳುತ್ತಾರೆ. ಕೊಬ್ಬಿದ ಕುದುರೆಯಲ್ಲಿ ಸದ್ದು ಕೇಳಿಸದಿದ್ದರೆ ಮೂಗಿಗೆ ಸ್ವಲ್ಪ ಹೊತ್ತು ಚೀಲ ಹಿಡಿದು, ಕುದುರೆ ಆಳವಾಗಿ ಉಸಿರೆಳೆಯುವಂತೆ ಮಾಡುತ್ತಾರೆ. ಇದನ್ನು ನೋಡಿ ಕಲಿತು ಮನೆಯಲ್ಲಿ ಮಾಡಬಾರದು. ಏದುತ್ತಿರುವ ಕುದುರೆಯ ಮೂಗು ಮುಚ್ಚುವುದು ಅಪಾಯ. ಇನ್ನೂ ಖಚಿತವಾಗಿ ತಿಳಿಯಬೇಕಾದರೆ ದೊಡ್ಡ ಆಸ್ಪತ್ರೆಗಳಲ್ಲಿ ಕೊಳವೆ ಇಳಿಸಿ, ಪುಪ್ಪುಸದ ಒಂದು ಭಾಗವನ್ನು ಉಪ್ಪುನೀರಿನಿಂದ ತೊಳೆದು, ಆ ನೀರಿನ ಜೀವಕೋಶಗಳನ್ನು ಎಣಿಸುತ್ತಾರೆ. ತೀವ್ರ ದಮ್ಮಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನೂರಕ್ಕೆ ಇಪ್ಪತ್ತೈದನ್ನು ದಾಟುತ್ತವೆ. ಆರೋಗ್ಯದಲ್ಲಿ ಐದರ ಆಸುಪಾಸಿನಲ್ಲಿ ಇರುತ್ತವೆ.

ಹುಲ್ಲನ್ನು ಪರೀಕ್ಷಿಸುವುದು

ಈಗ ಓಣಿಯ ಕುದುರೆಯ ಬಳಿಗೆ ಮರಳಬಹುದು. ಉಸಿರು 26, ಜ್ವರವಿಲ್ಲ, ಮೂಗು ಗದ್ದ ಶುದ್ಧ, ಪಕ್ಕೆಯಲ್ಲಿ ಗೆರೆ ಎಂದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆ ಅಟ್ಟದ ಮೇಲಿದೆ. ಕಂತೆಯ ನಡುವಿನಿಂದ, ಹೊರಗಿನಿಂದಲ್ಲ, ಒಂದು ಹಿಡಿ ಹುಲ್ಲು ತೆಗೆದು ಬಿಸಿಲಿನ ಕೋಲಿಗೆ ಹಿಡಿದು ಕೊಡವಬೇಕು. ಮಣ್ಣಿನ ಧೂಳು ಬೇಗ ಕೆಳಗೆ ಬೀಳುತ್ತದೆ. ಹೊಗೆಯಂತೆ ಮೇಲೆದ್ದು ತೇಲುತ್ತಾ ಉಳಿಯುವುದು ಬೂಷ್ಟಿನ ಬೀಜಾಣು. ಕೆಲವು ಬೀಜಾಣುಗಳು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಸಣ್ಣವು. ಮೂಗಿನ ಕೂದಲಿಗಾಗಲಿ ಲೋಳೆಗಾಗಲಿ ಸಿಕ್ಕದೆ ಪುಪ್ಪುಸದ ಕೊನೆಯ ಗೂಡಿನವರೆಗೂ ಹೋಗುತ್ತವೆ. ಹುಲ್ಲಿನಲ್ಲಿ ಮುಖ ಹುದುಗಿಸಿ ತಿನ್ನುವ ಕುದುರೆಯ ಮೂಗಿನ ಬಳಿ ಧೂಳು ಲಾಯದ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇದರಲ್ಲಿ ಒಂದು ಮೋಸವಿದೆ. ಬೂಷ್ಟು ಎಂದರೆ ಬಿಳಿ ಕಪ್ಪು ಮಚ್ಚೆ ಎಂದಷ್ಟೇ ಜನ ತಿಳಿದಿದ್ದಾರೆ. ಹಸಿಯಾಗಿ ಒಟ್ಟಿದ ಹುಲ್ಲು ಒಳಗೆ ಕಾಯ್ದು, ಆಮೇಲೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ ಹೊಗೆಸೊಪ್ಪಿನಂಥ ಸಿಹಿವಾಸನೆ ಬೀರುತ್ತದೆ. ಕುದುರೆ ಅದನ್ನು ಇಷ್ಟಪಟ್ಟು ತಿನ್ನುವುದೂ ಉಂಟು. ಅಂಥ ಹುಲ್ಲು ಕಣ್ಣಿಗೆ ಚೊಕ್ಕಟ, ಪುಪ್ಪುಸಕ್ಕೆ ಕೆಟ್ಟದ್ದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇಕಡಾ 16ರಷ್ಟು ತೇವವಿದ್ದ ಹುಲ್ಲಿನ ಕಂತೆ ಹೆಚ್ಚು ಕಾಯಲಿಲ್ಲ. 25ರಷ್ಟಿದ್ದದ್ದು ಕಾಯ್ದು ಬೂಷ್ಟು ಹಿಡಿಯಿತು. 40ರಷ್ಟಿದ್ದದ್ದು 60 ಡಿಗ್ರಿಗೂ ಮೇಲೆ ಕಾಯ್ದು, ಬಿಸಿಯಲ್ಲೇ ಬೆಳೆಯುವ ಸೂಕ್ಷ್ಮಜೀವಿಗಳಿಂದ ತುಂಬಿಹೋಯಿತು. ಅವರು ಹುಡುಕುತ್ತಿದ್ದುದು ಕುದುರೆಯ ರೋಗದ ಕಾರಣವನ್ನಲ್ಲ, ರೈತನ ಪುಪ್ಪುಸ ರೋಗದ ಕಾರಣವನ್ನು. ಬೂಷ್ಟು ಹುಲ್ಲನ್ನು ಕೊಡವಿದ ಸಂಜೆ ಚಳಿಜ್ವರ, ಎದೆಬಿಗಿತ, ಒಣ ಕೆಮ್ಮು ಬರುವ ರೈತರಿದ್ದಾರೆ. ಹಲವು ವರ್ಷ ಹೀಗೇ ಆದರೆ ಅವರ ಪುಪ್ಪುಸ ಗಟ್ಟಿಯಾಗಿ ಉಸಿರು ಶಾಶ್ವತವಾಗಿ ಕುಗ್ಗುತ್ತದೆ. ಹೀಗಾಗಿ ಕುದುರೆಯ ಜೊತೆಗೆ ಸಾಯಿಸನೂ ಕೆಮ್ಮುತ್ತಿದ್ದಾನೆಯೇ ಎಂದು ಕೇಳುವುದೂ ರೋಗ ಪತ್ತೆಯ ಒಂದು ಭಾಗವೇ.

ಹುಲ್ಲಿನ ಮೇಲೆ ಸಂಶಯ ಬಂದರೆ ಹುಲ್ಲನ್ನು ಬದಲಿಸಿ ನೋಡುವುದೇ ಸರಿಯಾದ ಪರೀಕ್ಷೆ. ಒಂದು ತಿಂಗಳು ಒಣ ಹುಲ್ಲನ್ನು ನಿಲ್ಲಿಸಿ ಹಸಿ ಗರಿಕೆ, ರೋಡ್ಸ್ ಹುಲ್ಲು, ಸ್ವಲ್ಪ ಕುದುರೆ ಮೆಂತೆ ಕೊಡಬೇಕು. ಬದಲಾವಣೆಯನ್ನು ಒಂದು ವಾರದಲ್ಲಿ ಹಂತಹಂತವಾಗಿ ಮಾಡಬೇಕು, ಇಲ್ಲವಾದರೆ ಹೊಟ್ಟೆ ಕೆಡುತ್ತದೆ. ಸುಲಭವಾಗಿ ಸಿಗುತ್ತದೆಂದು ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕುವುದು ಸರಿಯಲ್ಲ. ಅದರ ಆಕ್ಸಲೇಟ್ ಅಂಶ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಬೂಸಾ ಹೆಚ್ಚಾದರೆ ಕುದುರೆಯ ಮುಖದ ಮೂಳೆ ಉಬ್ಬುತ್ತದೆ. ಹಸಿಹುಲ್ಲು ಸಿಗದವರು ಒಳ್ಳೆಯ ಒಣ ಹುಲ್ಲನ್ನೇ ನೀರಿನಲ್ಲಿ ಪೂರ್ತಿ ಮುಳುಗಿಸಿ ಅರ್ಧ ಗಂಟೆ ಬಿಟ್ಟು, ಬಸಿದು, ಒದ್ದೆ ಇರುವಾಗಲೇ ತಿನ್ನಿಸಬೇಕು. ಮೇಲೆ ಚಿಮುಕಿಸಿದರೆ ಸಾಲದು. ಉಳಿದದ್ದನ್ನು ಸಂಜೆಗೆ ಎತ್ತಿಡಬಾರದು. ನೆನೆದ ಹುಲ್ಲು ಬೇಗ ಹಳಸುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ನೆನೆಸಿದರೂ ಅದು ಮೇವಾಗುವುದಿಲ್ಲ, ತಿಪ್ಪೆಗೆ ಹೋಗಬೇಕು.

ಮೇವು ಬದಲಿಸಿ, ಅಟ್ಟದ ಹುಲ್ಲು ಅಲ್ಲೇ ಬಿಟ್ಟರೆ ಪರೀಕ್ಷೆ ಕೆಟ್ಟಂತೆ. ಪಕ್ಕದ ಕುದುರೆಗೆ ಹಳೆಯ ಹುಲ್ಲು ಹಾಕುತ್ತಿದ್ದರೂ ಕೆಟ್ಟಂತೆಯೇ, ಗಾಳಿ ಒಂದೇ. ಹುಲ್ಲನ್ನು ಬೇರೆ ಕೋಣೆಗೆ ಸಾಗಿಸಬೇಕು. ಕಸ ಗುಡಿಸುವಾಗ ಕುದುರೆಯನ್ನು ಹೊರಗೆ ಕಟ್ಟಬೇಕು. ನೆಲದಲ್ಲಿ ಉಚ್ಚೆ ನಿಂತು ಕಣ್ಣು ಉರಿಯುವಷ್ಟು ಅಮೋನಿಯಾ ಎದ್ದರೆ ಅದೂ ಉಸಿರ್ನಾಳವನ್ನು ಕೆಣಕುತ್ತದೆ. ಮಾಡಿನ ಕೆಳಗೆ ಗೋಡೆಯಲ್ಲಿ ಎರಡು ಕಡೆ ಕಿಂಡಿ ತೆಗೆಸಿದರೆ ಬಾಡಿಗೆ ಲಾಯದವರೂ ಅಷ್ಟನ್ನು ಒಪ್ಪುತ್ತಾರೆ.

ದಿನವೂ ಬೆಳಿಗ್ಗೆ ಎಣಿಸಿದ ಉಸಿರನ್ನು ತಾರೀಖಿನೊಡನೆ ಗೋಡೆಯ ಮೇಲೆ ಇದ್ದಲಿನಿಂದ ಬರೆಯಬೇಕು. ಕೆಮ್ಮು ಕೆಲವೇ ದಿನಗಳಲ್ಲಿ ಕಡಿಮೆಯಾಗಬಹುದು. ಉಸಿರು ಪೂರ್ತಿ ಹದಕ್ಕೆ ಬರಲು ಮೂರು ನಾಲ್ಕು ವಾರ ಹಿಡಿಯುತ್ತದೆ. 26 ಇದ್ದದ್ದು 14ಕ್ಕೆ ಇಳಿದರೆ ರೋಗ ಯಾವುದೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಇಳಿಯದಿದ್ದರೆ ಆ ಗೋಡೆಯ ಲೆಕ್ಕವನ್ನೇ ವೈದ್ಯರಿಗೆ ತೋರಿಸಬೇಕು. ಆದರೆ ರೋಗ ಹೋಯಿತೆಂದು ಹಳೆಯ ಹುಲ್ಲಿಗೆ ಮರಳುವಂತಿಲ್ಲ. ಈ ಸೂಕ್ಷ್ಮತೆ ಕುದುರೆಯ ಜೀವಮಾನದುದ್ದಕ್ಕೂ ಇರುತ್ತದೆ; ಒಂದು ಕೆಟ್ಟ ಕಂತೆ ಸಾಕು, ಒಂದೆರಡು ದಿನದಲ್ಲಿ ಏದುಸಿರು ಮರಳಿ ಬರುತ್ತದೆ. ಕುದುರೆ ಕೊಳ್ಳುವವರಿಗೂ ಇದು ಉಪಯೋಗದ ಮಾತು. ಮಾರುವ ಮೊದಲು ಹಲವು ವಾರ ಬಯಲಲ್ಲಿ ಹಸಿಹುಲ್ಲು ಮೇಯಿಸಿದರೆ ದಮ್ಮಿನ ಕುದುರೆಯೂ ಹದವಾಗಿ ಕಾಣುತ್ತದೆ. ಪಕ್ಕೆಯ ಗೆರೆ ಮಾತ್ರ ಅಷ್ಟು ಬೇಗ ಅಳಿಸುವುದಿಲ್ಲ.

ಹುಲ್ಲು ಬೆಳೆಯುವವರಿಗೆ

ನಗರದ ಲಾಯಗಳಿಗೆ ಬರುವ ಹುಲ್ಲು ಸುತ್ತಲಿನ ಹಳ್ಳಿಗಳ ರೈತರು ಕೊಯ್ದದ್ದು. ಬೆಂಗಳೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಬಯಲ ಹುಲ್ಲು ತೆನೆಯೊಡೆದು ಕೊಯ್ಲಿಗೆ ಬರುವುದೂ ಆಗಲೇ. ಮಳೆಗೆ ಹೆದರಿ ಅರೆ ಒಣಗಿದ್ದನ್ನು ಕಟ್ಟಿ ಒಟ್ಟುವುದರಿಂದಲೇ ಬೂಷ್ಟು ಬರುತ್ತದೆ. ತೆನೆ ಬಲಿತು ಬೀಜ ಉದುರುವವರೆಗೆ ಕಾಯದೆ, ಹೂ ಬರುವ ಹೊತ್ತಿಗೆ, ಎರಡು ಮೂರು ದಿನ ಬಿಸಿಲಿನ ನಂಬಿಕೆ ಇರುವಾಗ, ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ತೆಳುವಾಗಿ ಹರಡಿ, ಮಧ್ಯಾಹ್ನ ಒಮ್ಮೆ ತಿರುವಿಹಾಕಿ, ಸಂಜೆ ಸಣ್ಣ ಗುಪ್ಪೆ ಮಾಡಿ, ಮರುದಿನ ಮತ್ತೆ ಹರಡಬೇಕು. ಒಟ್ಟುವಾಗ ತೇವಾಂಶ ಶೇಕಡಾ 15ರ ಒಳಗಿರಬೇಕು. ಅಳೆಯುವ ಉಪಕರಣ ಬೇಕಿಲ್ಲ: ದಪ್ಪ ಕಡ್ಡಿಯ ಗಿಣ್ಣನ್ನು ಉಗುರಿನಿಂದ ಕೆರೆದರೆ ಹಸಿ ಕಾಣಬಾರದು, ಹಿಡಿ ಹುಲ್ಲನ್ನು ತಿರುಚಿದರೆ ಕಡ್ಡಿ ಮುರಿಯಬೇಕು.

ಬಣವೆಯ ಅಡಿಗೆ ಕಲ್ಲು ಚಪ್ಪಡಿಯನ್ನೋ ಕಟ್ಟಿಗೆಯ ಅಟ್ಟಣೆಯನ್ನೋ ಹಾಕಿ ನೆಲದಿಂದ ಎತ್ತರಿಸಬೇಕು. ಒಟ್ಟಿದ ಮೊದಲ ಎರಡು ವಾರ, ಮೂರು ದಿನಕ್ಕೊಮ್ಮೆ, ಒಂದು ಕಬ್ಬಿಣದ ಸಲಾಕೆಯನ್ನು ಬಣವೆಯ ನಡುವಿಗೆ ತಿವಿದು ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಬೇಕು. ಕೈಗೆ ಬೆಚ್ಚಗೆ ಹತ್ತಿದರೆ ಬಣವೆಯನ್ನು ಬಿಚ್ಚಿ ಒಣಗಿಸಬೇಕು. ಹಿಡಿಯಲಾರದಷ್ಟು ಬಿಸಿಯಿದ್ದರೆ ಬೆಂಕಿ ಹೊತ್ತಿಕೊಳ್ಳುವ ಭಯವೂ ಇದೆ, ಬಿಚ್ಚುವಾಗ ನೀರು ಪಕ್ಕದಲ್ಲಿರಲಿ. ಒಮ್ಮೆ ಕಾಯ್ದ ಹುಲ್ಲನ್ನು ಬೇರೆ ಇಟ್ಟು, ಕುದುರೆಯ ಲಾಯಕ್ಕೆ ಕಳಿಸದೆ, ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಅದನ್ನು ಬಿಚ್ಚುವವರು ಗಾಳಿಗೆ ಬೆನ್ನು ಮಾಡಿ ನಿಂತು, ಮೂಗಿಗೆ ಧೂಳು ತಡೆಯುವ ಮಾಸ್ಕು ಹಾಕಿಕೊಂಡೇ ಬಿಚ್ಚಬೇಕು.